ಸರೋಜಾಳ ಹಾಡು ಊರು ಸುತ್ತಿದ ವರ್ಷ

ಮೊಮ್ಮಗಳ ಫೋನಿನಲ್ಲಿ ಆ ಹಾಡು ಬಂದಾಗ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಕುರಿಚಿಯಲ್ಲಿ ಮಗಳ ಮನೆ. ಹಿಂದೆಯೇ ಫೌಂಡ್ರಿ, ಹಗಲೆಲ್ಲ ಸುಟ್ಟ ಕಬ್ಬಿಣದ ವಾಸನೆ. ಅದರ ನಡುವೆ ಕೂತಿದ್ದವಳ ಮೂಗಿಗೆ ಒಂದೇ ಸಲಕ್ಕೆ ಬ್ಲೀಚಿಂಗ್ ಪೌಡರು ಹೊಡೆಯಿತು. ತಿರುಪ್ಪೂರಿನ ಒದ್ದೆ ಬನಿಯನ್ ಬಟ್ಟೆಯ ವಾಸನೆ. ಹಾಡಿಗೂ ವಾಸನೆ ಇರುತ್ತದೆ ಅಂತ ಬೇರೆ ಯಾರಾದರೂ ಹೇಳಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದೆ.

"ಇದು ಎಲ್ಲಿ ಸಿಕ್ತೇ ನಿಂಗೆ?"

"ಹಳೇ ಅಮೆರಿಕಾ ಹಾಡು ಅಜ್ಜೀ. ನಿಂಗೇನು ಗೊತ್ತಾಗುತ್ತೆ ಬಿಡು."

"ಗೊತ್ತಾಗದೇ ಇದ್ರೆ ಕೇಳ್ತಿದ್ನಾ?"

ಕಾಲೇಜಿಗೆ ಹೋಗುವ ಹುಡುಗಿ, ಪಾಠ ಮಾಡೋದಕ್ಕೆ ಯಾರಾದರೂ ಸಿಕ್ಕರೆ ಬಿಡುವುದಿಲ್ಲ. ಪಕ್ಕದಲ್ಲಿ ಕೂತು ಒಂದಾದಮೇಲೆ ಒಂದು ಹಾಕಿದಳು. ಎಲ್ಲ ಅದೇ ಹಾಡು. ಮೊದಲು ಹಾಡಿದ್ದು ಒಬ್ಬ ಕರೀ ಹೆಂಗಸಂತೆ. ಆಮೇಲೆ ಒಬ್ಬ ಬಿಳಿಯ ಹಾಡಿದನಂತೆ, ಓಡಿದ್ದು ಅವನದು. ಆಮೇಲೆ ಒಬ್ಬಳು ಅಳುತ್ತಾ ಹಾಡಿದ್ದು, ಆಮೇಲೆ ಹುಡುಗರ ಗುಂಪು ಕುಣಿಯುತ್ತಾ ಹಾಡಿದ್ದು, ಕೊನೆಗೆ ಮಾತೇ ಇಲ್ಲದೆ ಬರೀ ಪೀಪಿ ಊದಿದ್ದು.

"ಆ ಮೊದಲನೆಯವಳು ಏನಾದ್ಲು?"

"ಯಾರಿಗೆ ಗೊತ್ತು ಅಜ್ಜೀ. ಕರಿಯರ ರೆಕಾರ್ಡನ್ನ ಬಿಳಿಯರ ಅಂಗಡೀಲಿ ಆಗ ಇಡ್ತಾನೇ ಇರ್ಲಿಲ್ಲವಂತೆ. ಅದೇ ಹಾಡನ್ನ ಬಿಳಿಯರ ಬಾಯಲ್ಲಿ ಹಾಡಿಸಿದ್ರೆ ಎಲ್ಲರೂ ಕೊಳ್ತಿದ್ರಂತೆ."

ಎಲ್ಲ ಕೇಳಿದೆ. ಅವಳ ಫೋನಿನಲ್ಲಿ ಇಲ್ಲದ್ದು ಒಂದಿದೆ. ಅದು ನನ್ನ ತಂಗಿ ಸರೋಜಾಳದು. ಅವಳು ಹೋಗಿ ಬಹಳ ಕಾಲವಾಯಿತು. ಮೊಮ್ಮಗಳಿಗೆ ನಾನು ಏನೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಎಂಬತ್ತನೇ ಇಸವಿಯ ಮೇಲೆ ಕೆಲವು ವರ್ಷ ಆಗಿತ್ತು. ತಿರುಪ್ಪೂರು ಆಗ ಊದಿಕೊಳ್ಳುತ್ತಿದ್ದ ಊರು. ನಿನ್ನೆ ಹುಣಸೇಮರ ಇದ್ದ ಕಡೆ ಇವತ್ತು ಶೆಡ್ಡು. ನನ್ನ ಗಂಡ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್‌ನಲ್ಲಿ, ನಾನು ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್. ಹೊಲಿದು ಬಂದ ಬನಿಯನ್ನನ್ನು ತಿರುವಿ ತೂತು, ಕಲೆ, ಬಿಟ್ಟ ಹೊಲಿಗೆ ನೋಡುವ ಕೆಲಸ. ಸರೋಜಾ ಅದೇ ಕಂಪನಿಯಲ್ಲಿ ಕೈಮಡಿ. ಅಂದರೆ ಟೈಲರ್ ಪಕ್ಕದಲ್ಲಿ ನಿಂತು ಬಟ್ಟೆ ಮಡಿಸಿ ಮಡಿಸಿ ಕೊಡೋದು. ಒಂದೇ ಲೈನ್ ಮನೆಯಲ್ಲಿ, ನನ್ನ ಬಾಗಿಲ ಪಕ್ಕದ ಬಾಗಿಲು ಅವಳದು.

ಅವಳು ಯಾಕೆ ಒಂಟಿ ಬಾಗಿಲಲ್ಲಿ ಇದ್ದಳು ಅಂದರೆ, ಅವಳನ್ನು ನಮ್ಮ ಸೋದರಮಾವನಿಗೇ ಕೊಟ್ಟಿತ್ತು. ಅಮ್ಮನ ತಮ್ಮ. ನಮ್ಮಲ್ಲಿ ಅದು ವಾಡಿಕೆ. ಕುನ್ನತ್ತೂರಿನಲ್ಲಿ ಮಾಮನ ಮನೆ, ಮೂರು ಮಗ್ಗ. ಅತ್ತೆ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಅಮ್ಮಾಯಿ, ಅಮ್ಮನ ಅಮ್ಮ. ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ತಲೆ ಬಾಚಿ ಹೂ ಮುಡಿಸಿದ ಕೈ. ಹತ್ತಿರದ ಸಂಬಂಧ, ಹೊಡೆಯಲ್ಲ ಬೈಯಲ್ಲ ಅಂತ ಎಲ್ಲರೂ ಹೇಳಿದರು. ಮಾಮ ಹೊಡೆಯುತ್ತಿದ್ದ. ಅಮ್ಮಾಯಿ ನೂಲು ಸುತ್ತುತ್ತಾ ನೋಡುತ್ತಿದ್ದಳು. ಒಂದು ದಿನ ಸರೋಜಾ ಊದಿದ ಬಾಯಿ ಹೊತ್ತುಕೊಂಡು ನನ್ನ ಬಾಗಿಲಿಗೆ ಬಂದಳು. ಮಗಳು ದೇವಿಯನ್ನು ಅವರು ಕಳಿಸಲಿಲ್ಲ. ನಮ್ಮ ಅಮ್ಮ ಅಷ್ಟರಲ್ಲಿ ಸತ್ತಿದ್ದಳು. ಇದ್ದಿದ್ದರೂ ತನ್ನ ತಮ್ಮನ ಕಡೆಗೇ ಮಾತಾಡುತ್ತಿದ್ದಳು.

ವರ್ಷಗಟ್ಟಲೆ ಸರೋಜಾಗೆ ಮಗಳ ಮುಖ ತೋರಿಸಲಿಲ್ಲ. ಆ ವರ್ಷ ಬೇಸಿಗೆಯಲ್ಲಿ ನಾನೂ ನಮ್ಮಿಬ್ಬರ ತಮ್ಮನೂ ನಮ್ಮ ಜಾತಿಯ ಯಜಮಾನರ ಮನೆಗೆ ನಡೆದು ನಡೆದು ಒಂದು ಮಾತು ಮಾಡಿಸಿದ್ದೆವು. ದೀಪಾವಳಿ ಆದಮೇಲೆ ದೇವಿ ಅಮ್ಮನ ಹತ್ತಿರ ಇರಬಹುದು. ಹೆಣ್ಣುಮಗು, ದೊಡ್ಡವಳಾಗುವ ವಯಸ್ಸು, ತಾಯಿ ಬೇಕು ಅಂತ ಯಜಮಾನರಿಗೂ ಅನ್ನಿಸಿತ್ತು. ಮಾಮ ಗೊಣಗಿಕೊಂಡು ಒಪ್ಪಿದ್ದ. ಸರೋಜಾ ಸಂತೆಯಿಂದ ಒಂದು ಪುಟ್ಟ ಕನ್ನಡಿ ತಂದು ಗೋಡೆಯಲ್ಲಿ ತಗ್ಗಿನಲ್ಲಿ ಮೊಳೆ ಹೊಡೆದು ನೇತುಹಾಕಿದಳು. "ನಿನ್ನ ಸೊಂಟ ನೋಡ್ಕೊಳೋಕಾ?" ಅಂತ ಕೇಳಿದೆ. "ಅವಳಿಗೆ" ಅಂದಳು. ಬಿಟ್ಟು ಬಂದಾಗ ದೇವಿ ಎಷ್ಟು ಎತ್ತರ ಇದ್ದಳೋ ಈಗಲೂ ಅಷ್ಟೇ ಇದ್ದಾಳೆ ಅಂತ ಲೆಕ್ಕ ಅವಳದು.

ಆಷಾಢದ, ಇಲ್ಲಿ ಆಡಿ ಅನ್ನುವ ತಿಂಗಳ ಗಾಳಿ ಶೆಡ್ಡಿನ ತಗಡನ್ನು ಎತ್ತಿ ಬಡಿಯುತ್ತಿದ್ದ ದಿನಗಳು. ಮಾಲು ಕೊಳ್ಳೋದಕ್ಕೆ ಬಂದಿದ್ದ ಒಬ್ಬ ಪರದೇಶದವನು ಒಂದು ಕ್ಯಾಸೆಟ್ ಬಿಟ್ಟು ಹೋದ. ಮೇಲೆ ಕರೀ ಹೆಂಗಸಿನ ಚಿತ್ರ, ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಿದ್ದಾಳೆ. ನಮ್ಮ ಮ್ಯಾನೇಜರ್ ಶೇಖರ್‌ಗೆ ಹಾಡಿನ ಹುಚ್ಚು. ಸಂಜೆ ಹೊತ್ತು ಅವನದೇ ಒಂದು ಆರ್ಕೆಸ್ಟ್ರಾ, ಮದುವೆಗಳಿಗೆ ಹೋಗುತ್ತಿದ್ದ. ಅವನು ಆ ಕ್ಯಾಸೆಟ್ಟನ್ನು ಶೆಡ್ಡಿನ ಸ್ಪೀಕರಿಗೆ ಹಾಕಿದ. ಹಾಡು ಕೇಳುತ್ತಿದ್ದರೆ ಕೈ ಬೇಗ ಓಡುತ್ತದೆ ಅಂತ ಕಂಪನಿಯ ಧಣಿ, ಮುದಲಾಳಿಯೂ ಸುಮ್ಮನಿದ್ದ. ಒಂದು ಹಾಡನ್ನಂತೂ ಶೇಖರ್ ತಿರುಗಿಸಿ ತಿರುಗಿಸಿ ಹಾಕುತ್ತಿದ್ದ. ನನಗೆ ಅದು ಹೆಂಗಸು ಯಾರನ್ನೋ ಬಾಗಿಲಲ್ಲಿ ನಿಲ್ಲಿಸಿ ಬೈದ ಹಾಗೆ ಕೇಳುತ್ತಿತ್ತು.

ಮಗ್ಗದ ಮನೆ ಹೆಂಗಸರಿಗೆ ಒಂದು ಅಭ್ಯಾಸ. ನೂಲು ಸುತ್ತುವಾಗ ಕಿವಿಗೆ ಬಿದ್ದ ರಾಗಕ್ಕೆ ತಮ್ಮ ಮಾತು ತುಂಬಿಸೋದು. ರೇಡಿಯೋದಲ್ಲಿ ದೇವರ ಹಾಡು ಬಂದರೆ ಅದೇ ರಾಗದಲ್ಲಿ ಅತ್ತೆಯನ್ನು ಬೈಯುತ್ತಿದ್ದೆವು. ಬೈದರೆ ಯಾರಿಗೆ ಗೊತ್ತಾಗಬೇಕು? ನಮ್ಮದು ಹೊಸಿಲೊಳಗೆ ಕನ್ನಡ, ಹೊಸಿಲಾಚೆ ತಮಿಳು. ಗುಟ್ಟು ಹೇಳೋದಕ್ಕೆ ನಾವು ಬಾಗಿಲು ಹಾಕಿಕೊಳ್ಳುವವರಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳ ಮೂಗಿನ ಮೇಲೇ ಕನ್ನಡದಲ್ಲಿ ಹೇಳಿ ನಗುತ್ತಿದ್ದೆವು. ಕನ್ನಡವೇ ನಮ್ಮ ಬಾಗಿಲು.

ಸರೋಜಾ ಬಟ್ಟೆ ಮಡಿಸುತ್ತಾ ಆ ಪರದೇಶದ ರಾಗಕ್ಕೆ ಹೀಗೆ ಕಟ್ಟಿದಳು:

ಅಮ್ಮಾಯಿ ಮನೆಗೆ ಸೊಸೆಯಾಗಿ ಹೋದೆ,
ಅಮ್ಮಾಯಿ ಕಣ್ಣಿಗೆ ಯಾರೋ ಆದೆ.
ಮಾಮಾ ಮಾಮಾ ಅಂದಿದ್ದ ಬಾಯಿ
ಮಾಮನ ಕೈಯಲ್ಲೇ ಬಾತುಹೋಯ್ತು.
ಮಗ್ಗ ನಿನಗೆ, ಮಗಳು ನನಗೆ,
ಮಗ್ಗ ನಿನಗೆ, ಮಗಳು ನನಗೆ.

ದನಿ ಚೆನ್ನಾಗಿತ್ತಾ ಅಂತ ಕೇಳಬೇಡಿ. ಸ್ವಲ್ಪ ಒಡಕು. ಆದರೆ ಅವಳು ಹಾಡಿದರೆ ನನ್ನ ಕೈಯಲ್ಲಿದ್ದ ಬನಿಯನ್ನು ಅಲ್ಲೇ ನಿಲ್ಲುತ್ತಿತ್ತು. ತೂತಿದ್ದ ಎಷ್ಟೋ ಪೀಸು ಆ ದಿನಗಳಲ್ಲಿ ನನ್ನ ಕಣ್ಣು ತಪ್ಪಿಸಿ ಹಡಗು ಹತ್ತಿ ಹೋಗಿರಬೇಕು.

ಶೇಖರ್ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟೇಪ್ ರೆಕಾರ್ಡರ್ ತಂದು ಅವಳ ಮುಂದೆ ಇಟ್ಟ. "ಸರೋಜಕ್ಕಾ, ಹಾಡಿ. ಇಂಗ್ಲಿಷ್‌ನವಳಿಗಿಂತ ನೀವೇ ಚೆನ್ನಾಗಿ ಹಾಡ್ತೀರಿ" ಅಂದ. ತಮಿಳಿನಲ್ಲಿ. ಹಾಡಿದಳು. ಅರ್ಥ ಏನು ಅಂತ ಕೇಳಿದ. ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಅಲ್ಲೇ ಇದ್ದ ನಾನು ಕನ್ನಡದಲ್ಲಿ, "ಬಾಯಿ ಮುಚ್ಚೇ, ಮನೆ ಮಾತು" ಅಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಅವಳ ವಿಷಯ ಏನು ಅಂತ ಅಷ್ಟು ವರ್ಷದಲ್ಲಿ ಕೇಳಿದ ಮೊದಲ ಮನುಷ್ಯ ಅವನು. ಕೇಳಿದರೆ ಸಾಕು ಅಂತ ಕಾಯುತ್ತಿದ್ದವಳ ಹಾಗೆ ಹೇಳಿದಳು.

"ಆಯುಧಪೂಜೆಗೆ ಕಂಪನೀಲಿ ನಮ್ಮ ಆರ್ಕೆಸ್ಟ್ರಾ ಇದೆ. ಇದನ್ನ ತಮಿಳಿಗೆ ಮಾಡ್ತೀನಿ. ನೀವೇ ಹಾಡಬೇಕು ಅಕ್ಕಾ."

ಮನೆಗೆ ಬಂದಮೇಲೆ ಕೇಳಿದೆ, "ಹಾಡಿ ಏನು ಮಾಡ್ತೀಯ? ದೀಪಾವಳಿ ತನಕ ಉಸಿರು ಬಿಗಿಹಿಡಿದು ಇರೋಕೆ ಆಗಲ್ವಾ?"

"ಬನಿಯನ್ ಕಂಪನೀಲಿ ಹಾಡಿದ್ರೆ ಕುನ್ನತ್ತೂರಿಗೆ ಕೇಳುತ್ತಾ ಅಕ್ಕಾ? ಅಷ್ಟು ದೊಡ್ಡ ಗಂಟಲು ನಂದಲ್ಲ."

ಆಯುಧಪೂಜೆ ದಿನ ಮೆಷಿನ್ನುಗಳನ್ನೆಲ್ಲ ತೊಳೆದು ಗಂಧ ಕುಂಕುಮ ಇಟ್ಟು, ಎಲ್ಲರಿಗೂ ಪೊರಿ, ಅಂದರೆ ಮಂಡಕ್ಕಿ, ಕಡಲೆ ಹಂಚಿ, ಶೆಡ್ಡಿನ ಮುಂದೆ ಬೆಂಚು ಜೋಡಿಸಿ ಮೇಲೆ ಜಮಖಾನ ಹಾಸಿದ್ದರು. ಸರೋಜಾ ನನ್ನ ಮಾವಿನೆಲೆ ಬಣ್ಣದ ಸೀರೆ ಉಟ್ಟು ಬೆಂಚಿನ ಹಿಂದೆ ನಿಂತಿದ್ದಳು. ಸಂಜೆ ಶೇಖರ್ ಬಂದ. ಜೊತೆಗೆ ಅವನ ಆರ್ಕೆಸ್ಟ್ರಾದ ಹುಡುಗಿ, ಮುಖದ ತುಂಬ ಪೌಡರು.

"ಇಲ್ಲ ಅಕ್ಕಾ, ಬೇಸರ ಮಾಡ್ಕೋಬೇಡಿ. ಮೈಕಿನಲ್ಲಿ ನಿಮ್ಮ ತಮಿಳು ಬೇರೆ ಥರ ಕೇಳುತ್ತೆ. ಮನೇಲಿ ಬೇರೆ ಭಾಷೆ ಆಡೋರು ಅಂತ ಗೊತ್ತಾಗಿಬಿಡುತ್ತೆ. ಜನ ನಗ್ತಾರೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

"ನಮ್ಮ ಒಳ್ಳೇದು ನಿಮಗ್ಯಾಕೆ ಸಾರ್? ನಿಮ್ಮ ಮಾತು ನೋಡ್ಕೊಳಿ" ಅಂದೆ ನಾನು. ಸರೋಜಾ ನನ್ನ ಕೈ ಹಿಡಿದು ಎಳೆದಳು.

ಆ ಹುಡುಗಿ ಹಾಡಿದಳು. ತರಿ ಉನಕ್ಕು, ಪಿಳ್ಳೈ ಎನಕ್ಕು. ಮಗ್ಗ ನಿನಗೆ, ಮಗು ನನಗೆ. ಅಜ್ಜಿಯೇ ಅತ್ತೆಯಾದದ್ದು, ಮಾಮ ಅಂದ ಬಾಯಿ ಬಾತದ್ದು, ಒಂದೂ ಬಿಟ್ಟಿರಲಿಲ್ಲ. ಪೊರಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಕೈಮಡಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮುಗಿದಾಗ ಟೈಲರುಗಳು ಶಿಳ್ಳೆ ಹೊಡೆದು ಇನ್ನೊಂದು ಸಲ ಅಂದರು, ಇನ್ನೊಂದು ಸಲ ಹಾಡಿದಳು. ನಾನು ಸರೋಜಾಳನ್ನು ನೋಡಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಜನರ ಮುಖ ನೋಡುತ್ತಿದ್ದಳು, ಒಂದೊಂದಾಗಿ. "ಎಲ್ಲರಿಗೂ ಅರ್ಥ ಆಗ್ತಿದೆ ಅಕ್ಕಾ" ಅಂದಳು.

ನನಗೆ ಅವಳನ್ನು ಅಲ್ಲಿಂದ ಎಳೆದುಕೊಂಡು ಹೋಗಬೇಕು ಅನ್ನಿಸಿದ್ದೂ ಅದಕ್ಕೇ.

ಆಮೇಲೆ ಅದನ್ನು ಹಿಡಿಯೋರು ಯಾರೂ ಇರಲಿಲ್ಲ. ಪೇಟೆಯಲ್ಲಿ ಒಂದು ಕ್ಯಾಸೆಟ್ ಅಂಗಡಿ, ಅಲ್ಲಿ ಶೇಖರ್ ಅದನ್ನು ತುಂಬಿಸಿಕೊಟ್ಟ. ಮೇಲೆ ಅವನ ಹೆಸರು, ಆ ಹುಡುಗಿಯ ಚಿತ್ರ. ಮದುವೆ ಬ್ಯಾಂಡಿನವರು ಕ್ಲಾರಿನೆಟ್ಟಿನಲ್ಲಿ ಊದಿದರು. ಒಂದು ಪಕ್ಷದವರು ಮಾತು ಬದಲಾಯಿಸಿ ಜೀಪಿಗೆ ಮೈಕು ಕಟ್ಟಿಕೊಂಡು ಬೀದಿ ಬೀದಿ ಹೋದರು. ಶಾಲೆ ಮಕ್ಕಳು ಮೇಷ್ಟರ ಮೇಲೆ ಕಟ್ಟಿ ಹಾಡಿದರು. ಇವೆಲ್ಲ ಹಾಳಾಗಿ ಹೋಗಲಿ, ನಮ್ಮ ಮನೆ ಮುರಿದದ್ದು ಬಸ್ಸು. ಆಗ ಪ್ರೈವೇಟ್ ಬಸ್ಸಿನವರಿಗೆ ಹಾಡಿನ ಪೈಪೋಟಿ, ಯಾವ ಬಸ್ಸಿನಲ್ಲಿ ಹೊಸ ಹಾಡೋ ಆ ಬಸ್ಸಿಗೆ ಜನ. ಕುನ್ನತ್ತೂರು ಬಸ್ಸಿನ ಡ್ರೈವರ್ ಶೇಖರ್ ಕ್ಯಾಸೆಟ್ಟಿನ ಹಾಡನ್ನೇ ಹಾಕಿದ, ಮಾತು ಬದಲಾಗದ್ದನ್ನು. ತಿರುಪ್ಪೂರಿನಲ್ಲಿ ಸೀರೆ ಒಪ್ಪಿಸಿ ವಾಪಸ್ಸು ಹೋಗುತ್ತಿದ್ದ ನಮ್ಮ ಮಾಮ ಅದರಲ್ಲಿ ಕೂತಿದ್ದ.

ಹಾಡಿನಲ್ಲಿ ಹೆಸರಿಲ್ಲ, ಊರಿಲ್ಲ. ಆದರೆ ಮಗ್ಗ ಇದೆ, ಅಕ್ಕನ ಮಗಳನ್ನು ಕಟ್ಟಿಕೊಂಡವನು ಇದ್ದಾನೆ, ಬಿಟ್ಟುಹೋದವಳು ಇದ್ದಾಳೆ, ಹಿಡಿದಿಟ್ಟ ಮಗು ಇದೆ. ಬಸ್ಸಿನಲ್ಲಿದ್ದವರು ಅರ್ಧ ಅದೇ ಊರಿನವರು. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಏನಣ್ಣಾ, ನಿಮ್ಮ ಮನೆ ಕತೆಯೆಲ್ಲಾ ಕ್ಯಾಸೆಟ್‌ಗೆ ಬಂದಿದೆ, ನಮಗೊಂದು ಟೀ ಕೂಡಾ ಕೊಡಿಸಲಿಲ್ಲ" ಅಂದನಂತೆ. ಮಾಮ ಊರು ಬರೋದಕ್ಕೆ ಮುಂಚೆಯೇ ಇಳಿದು ನಡೆದುಕೊಂಡು ಹೋದನಂತೆ.

ದೀಪಾವಳಿ ಎದುರಿಗೇ ಇತ್ತು. ಐಪ್ಪಸಿ ತಿಂಗಳ ಮಳೆ ಹಿಡಿದಿತ್ತು. ಯಜಮಾನರು ಕುನ್ನತ್ತೂರಿನ ದೇವಸ್ಥಾನದ ಜಗಲಿಗೆ ಕರೆಸಿದರು. ಒಂದು ಕಡೆ ಮಾಮ, ಅಮ್ಮಾಯಿ. ಇನ್ನೊಂದು ಕಡೆ ನಾನು, ತಮ್ಮ, ಸರೋಜಾ. ಮಾಡಿನಿಂದ ನೀರು ಸುರಿದು ಸೀರೆ ಅಂಚೆಲ್ಲ ಒದ್ದೆ. ಮಾತೆಲ್ಲ ಕನ್ನಡದಲ್ಲೇ.

ಅಮ್ಮಾಯಿ ಎದೆ ಬಡಿದುಕೊಂಡಳು. "ಇವಳಿಗೆ ನನ್ನ ಕೈಯಾರೆ ಎಣ್ಣೆ ಹಚ್ಚಿ ನೀರು ಹಾಕಿದ್ನಲ್ಲೋ! ಬಸ್ಸಲ್ಲಿ ಹಾಕ್ಸಿದಾಳಲ್ಲೋ ನನ್ನ ಮಾನಾನ!"

ಯಜಮಾನರು ವಯಸ್ಸಾದವರು, ಕೆಟ್ಟವರಲ್ಲ. ಅವರು ಬಾಗಿಲು ತೆಗೆದೇ ಇಟ್ಟರು. "ನೋಡಮ್ಮಾ ಸರೋಜಾ. ಕ್ಯಾಸೆಟ್ಟಲ್ಲಿರೋದು ಇನ್ಯಾರದೋ ದನಿ. ಹೆಸರು ಇನ್ಯಾರದೋ. ಮಾತು ತಮಿಳು. ರಾಗ ಯಾವ ದೇಶದ್ದೋ. ಅದಕ್ಕೂ ನಿನಗೂ ಸಂಬಂಧ ಇಲ್ಲ ಅಂತ ದೇವರ ಮುಂದೆ ಒಂದು ಮಾತು ಹೇಳು. ನಾಡಿದ್ದು ಮಗೂನ ಕರ್ಕೊಂಡು ಹೋಗು. ನಾನು ಕಳಿಸ್ತೀನಿ."

ಮಾಮ ತಲೆ ತಗ್ಗಿಸಿ ಕೂತಿದ್ದ. ಅವನಿಗೂ ಅಷ್ಟೇ ಬೇಕಿತ್ತು. ಅವಳು ಅಲ್ಲ ಅಂದರೆ ಹೊಡೆದದ್ದೂ ಅಲ್ಲವಾಗುತ್ತಿತ್ತು, ಬಸ್ಸಿನಲ್ಲಿ ಕೂತು ಊರ ತನಕ ಹೋಗಬಹುದಿತ್ತು.

ನಾನು ಅವಳ ತೊಡೆ ಚಿವುಟಿದೆ. "ಅಲ್ಲ ಅನ್ನು" ಅಂದೆ ಹಲ್ಲು ಕಚ್ಚಿ. ಒಂದು ಮಾತು. ಎಲ್ಲರೂ ಅವಳ ಹಾಡನ್ನು ಕಿತ್ತುಕೊಂಡಿದ್ದರು, ಆ ಕಿತ್ತುಕೊಂಡದ್ದೇ ಈಗ ಉಪಯೋಗಕ್ಕೆ ಬಂದಿತ್ತು. ಅಲ್ಲ ಅನ್ನಬೇಕಿತ್ತು, ಅಷ್ಟೇ.

ಅವಳು ಮಳೆ ನೋಡುತ್ತಿದ್ದಳು. ಆಮೇಲೆ ಅಮ್ಮಾಯಿ ಕಡೆ ತಿರುಗಿದಳು.

"ನಂದೇ" ಅಂದಳು. "ಹಾಡು ನಂದು. ಬಾತುಹೋದ ಬಾಯಿ ನಂದು. ಇಲ್ಲ ಅಂತ ಹೇಳೋಕೆ ಆ ಬಾಯಿ ಬರಲ್ಲ ಯಜಮಾನ್ರೇ."

ಯಜಮಾನರು ಟವೆಲ್ ಕೊಡವಿ ಎದ್ದರು. ಮುಗಿಯಿತು.

ಬಸ್ಸಿನಲ್ಲಿ ಬರುವಾಗ ಅವಳನ್ನು ಬಾಯಿಗೆ ಬಂದ ಹಾಗೆ ಬೈದೆ. ಕನ್ನಡದಲ್ಲೇ. "ಹಾಡು ನಿಂಗೆ ಅನ್ನ ಹಾಕುತ್ತಾ? ಹಾಡು ನಿಂಗೆ ಅಮ್ಮಾ ಅನ್ನುತ್ತಾ?" ಅಂದೆ. ಈಗ ಕಾಲೇಜು ಹುಡುಗಿಯರು ಕೇಳಿದರೆ ಆಹಾ ಎಂಥ ಹೆಂಗಸು ಅನ್ನುತ್ತಾರೆ. ನಾನು ಅನ್ನೋದಿಲ್ಲ. ನಾನಾಗಿದ್ದರೆ ನನ್ನದಲ್ಲ ಅಂತ ಕರ್ಪೂರ ಹಚ್ಚಿ ಹೇಳಿ ಮಗುವಿನ ಕೈ ಹಿಡಿದುಕೊಂಡು ಬರುತ್ತಿದ್ದೆ. ಮನೆಗೆ ಬಂದಮೇಲೆ ಬಾಗಿಲು ಹಾಕಿಕೊಂಡು ಬೇಕಾದಷ್ಟು ಹಾಡಬಹುದಿತ್ತು. ಇದನ್ನು ಅವಳಿಗೂ ಹೇಳಿದ್ದೆ, ಒಂದು ಸಲ ಅಲ್ಲ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಶೇಖರ್ ಬೇರೆ ಕಂಪನಿಗೆ ಹೋದ. ಹೋಗುವಾಗ ಬಂದು, "ಏನೋ ಕೇಳಿದೆ ಅಕ್ಕಾ, ಮನಸ್ಸಿಗೆ ಕಷ್ಟ ಆಯ್ತು" ಅಂದ. "ನಿಮ್ಮ ಮನಸ್ಸು ಬಲು ಸೂಕ್ಷ್ಮ, ಕಾಪಾಡ್ಕೊಳಿ" ಅಂದೆ. ಸರೋಜಾ ಮಾತ್ರ ಅವನಿಗೆ ಕುಡಿಯೋಕೆ ನೀರು ಕೊಟ್ಟಳು.

ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಕುನ್ನತ್ತೂರಿನಿಂದ ಆಳು ಬಂತು. ದೇವಿ ದೊಡ್ಡವಳಾಗಿದ್ದಾಳೆ. ನಮ್ಮಲ್ಲಿ ಹುಡುಗಿ ಮೈನೆರೆದರೆ ತಾಯಿಯ ಅಣ್ಣತಮ್ಮಂದಿರು ಸೀರೆ, ಬಳೆ, ಹಣ್ಣು, ಹೂವಿನ ತಟ್ಟೆ ಹೊತ್ತುಕೊಂಡು ಹೋಗಬೇಕು. ಅದಕ್ಕೆ ಸೀರು ಅನ್ನುತ್ತೇವೆ. ಸೀರು ಬರದೆ ಶಾಸ್ತ್ರ ಆಗೋದಿಲ್ಲ, ಊರು ನಗುತ್ತದೆ. ಹಾಗಾಗಿ ತಮ್ಮ ಬೇಕಿತ್ತು ಅವರಿಗೆ. ತಾಯಿ ಬೇಕಿರಲಿಲ್ಲ. ಬಂದ ಆಳು ಅದನ್ನೂ ಸ್ಪಷ್ಟವಾಗಿ ಹೇಳಿದ.

ತಟ್ಟೆಗಳನ್ನೆಲ್ಲ ಸರೋಜಾನೇ ಜೋಡಿಸಿದಳು. ನಾನೂ ತಮ್ಮನೂ ಹೋದೆವು. ಮನೆ ಮುಂದೆ ಚಪ್ಪರ, ಚಪ್ಪರದ ಕಂಬಕ್ಕೆ ಲೌಡ್‌ಸ್ಪೀಕರು. ನಾವು ತಟ್ಟೆ ಹೊತ್ತು ಒಳಗೆ ಕಾಲಿಟ್ಟಾಗ ಹಾಡು ಬದಲಾಯಿತು. ಅದೇ ರಾಗ. ಮಾತು ಹೊಸದು. ಯಾರೋ ಕುಶಾಲಿಗೆ ಮಾಡಿದ್ದು, ಹುಡುಗ ಹುಡುಗಿ ಸರಸವಾಡುತ್ತಾ ಬಳೆ ನಿನಗೆ, ಮಾಲೆ ನನಗೆ ಅನ್ನುವ ಥರದ್ದು. ನನ್ನ ಕೈಯಲ್ಲಿ ತಟ್ಟೆ ಇಲ್ಲದೇ ಹೋಗಿದ್ದರೆ ಏನು ಮಾಡುತ್ತಿದ್ದೆನೋ.

ಅಮ್ಮಾಯಿ ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ತಾಳ ಹಾಕುತ್ತಿದ್ದಳು. ಹತ್ತಿರ ಹೋಗಿ ಕಿವಿಯಲ್ಲಿ ಅಂದೆ, "ಅಮ್ಮಾಯೀ, ಇದೇ ಹಾಡಲ್ವಾ ನಿನ್ನ ಮಾನ ತೆಗೆದದ್ದು?"

"ಥೂ, ಅದ್ಯಾಕೆ ಇಲ್ಲಿ ಹಾಕ್ತಾರೆ? ಇದು ಬೇರೆ ಕಣೇ. ಎಷ್ಟು ಲಕ್ಷಣವಾಗಿದೆ ಕೇಳು."

ದೇವಿ ಹಸೆಮಣೆಯ ಮೇಲೆ ಕೂತಿದ್ದಳು. ಸುತ್ತಲಿನ ಹುಡುಗಿಯರ ಜೊತೆ ಅವಳ ತುಟಿಯೂ ಆಡುತ್ತಿತ್ತು. ಒಂದು ಸಾಲೂ ತಪ್ಪುತ್ತಿರಲಿಲ್ಲ. ನಾನು ಅರಿಶಿನ ಹಚ್ಚುವಾಗ, "ನೀವು ತಿರುಪ್ಪೂರು ದೊಡ್ಡಮ್ಮಾನಾ?" ಅಂತ ಕೇಳಿದಳು. ಹೌದು ಅಂದೆ. ಇನ್ನೇನೋ ಕೇಳೋದಕ್ಕೆ ಬಾಯಿ ತೆರೆದಳು. ಅಮ್ಮಾಯಿ ಅವಳ ತಲೆಯ ಹೂ ಸರಿಮಾಡಿದಳು. ಬಾಯಿ ಮುಚ್ಚಿಕೊಂಡಿತು.

ಊಟಕ್ಕೆ ಕರೆದರು. ತಮ್ಮ ಬೇಡ ಅಂದ. ನಾನು ಅವನನ್ನು ಎಳೆದು ಕೂರಿಸಿದೆ. ಎಲೆಯಿಂದ ಎದ್ದರೆ ನಾಳೆ ಅವಳ ಮದುವೆಗೆ ಕರೆಯೋದಿಲ್ಲ. ಪಾಯಸ ಇನ್ನೊಂದು ಸಲ ಹಾಕಿಸಿಕೊಂಡೆ. ಗಂಟಲಲ್ಲಿ ಇಳಿಯಿತು, ಇಳಿಯದೇ ಏನು.

ಸಂಜೆ ಮನೆಗೆ ಬಂದಾಗ ಸರೋಜಾ ಹೊಸಿಲ ಮೇಲೆ ಕೂತಿದ್ದಳು. ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಎಲ್ಲ ಹೇಳಿದೆ. ಸೀರೆ ಯಾವುದು ಉಡಿಸಿದರು, ಯಾರು ಬಂದಿದ್ದರು, ಏನು ಹಾಕಿದರು. ಆ ಹಾಡು ಹಾಕಿದ್ದನ್ನೂ ಹೇಳಿದೆ.

"ಅವಳಿಗೆ ಬರುತ್ತಾ?"

"ಪೂರ್ತಿ ಬಾಯಿಪಾಠ." ಅವಳ ಮುಖ ಬೆಳಗುತ್ತಿದ್ದದ್ದು ನೋಡಿ ತಡೆಯಲಾಗಲಿಲ್ಲ. "ಹಾರಾಡಬೇಡ. ನಿನ್ನ ಮಾತು ಒಂದೂ ಅದರಲ್ಲಿ ಇಲ್ಲ. ಎಲ್ಲ ಬದಲಾಯಿಸಿದಾರೆ."

"ಗೊತ್ತು" ಅಂದಳು. "ಹಾಡು ತನ್ನ ಮಾತು ಬದಲಾಯಿಸಿಕೊಂಡಿತು, ಅದಕ್ಕೇ ಒಳಗೆ ಬಿಟ್ಟುಕೊಂಡ್ರು."

ಲೈನ್ ಮನೆಯ ಹೆಂಗಸರು ಬೋರಿನ ಉಪ್ಪು ನೀರಿಗೆ ಕೊಡ ಸಾಲಿಟ್ಟು ಜಗಳ ಶುರು ಮಾಡಿದ್ದರು. ನನ್ನ ಕೊಡವೂ ಅಲ್ಲಿತ್ತು. ಎದ್ದೆ.

"ಅಕ್ಕಾ, ಎಷ್ಟು ಎತ್ತರ ಆಗಿದಾಳೆ?"

ಕೈ ಎತ್ತಿ ತೋರಿಸಿದೆ, ನನ್ನ ಕಿವಿಯ ಮಟ್ಟಕ್ಕೆ.

"ಇಳಿಸಬೇಡ, ಹಾಗೇ ಹಿಡ್ಕೋ" ಅಂದಳು. ಕೂತಲ್ಲಿಂದಲೇ ನನ್ನ ಕೈಯ ಕೆಳಗಿನ ಖಾಲಿ ಜಾಗವನ್ನು ಮೇಲಿನಿಂದ ನೆಲದ ತನಕ ನೋಡಿದಳು.

ಸ್ವಲ್ಪ ಹೊತ್ತು ಹಿಡಿದಿದ್ದೆ. ಕೈ ಸೋತಿತು. ಇಳಿಸಿದೆ.